ಮೈಸೂರಿನ ಸೆಲೆಕ್ಷನ್‌ಗೆ ಇನ್ನು ಏಳು ವಾರ: ಕಾಕ್‌ಪಿಟ್ ಪೋಸ್ಟರ್ ಶಿವಮೊಗ್ಗದಲ್ಲಿ ಎಲ್ಲಾದರೂ ಸಿಗುತ್ತದಾ?

ತುಂಗೆ_ತೀರ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಶಿವಮೊಗ್ಗದಲ್ಲಿ ಬಿಎಸ್ಸಿ ಮುಗಿಸಿ ಈಗ ಮನೆಯಲ್ಲಿದ್ದೇನೆ. ಏರ್ ಫೋರ್ಸ್ ಅಧಿಕಾರಿಗಳ ಆಯ್ಕೆಗೆ ನಡೆಯುವ ಎಎಫ್‌ಕ್ಯಾಟ್ ಲಿಖಿತ ಪರೀಕ್ಷೆ ಪಾಸಾಗಿದೆ. ಮೊದಲ ಆಯ್ಕೆ ಫ್ಲೈಯಿಂಗ್ ಬ್ರಾಂಚ್, ಅಂದರೆ ಪೈಲಟ್‌ಗಳ ವಿಭಾಗ. ಮೈಸೂರಿನ ಏರ್ ಫೋರ್ಸ್ ಸೆಲೆಕ್ಷನ್ ಬೋರ್ಡಿಗೆ ಹೋಗಲು ಏಳು ವಾರ ಉಳಿದಿದೆ.

ನನಗೆ ಒಂದು ದೊಡ್ಡ ಕಾಕ್‌ಪಿಟ್ ಪೋಸ್ಟರ್ ಬೇಕು, ಅಂದರೆ ಪೈಲಟ್ ಕೂರುವ ಜಾಗದ ಡಯಲ್, ಸ್ವಿಚ್‌ಗಳ ಚಿತ್ರ. ಗೋಡೆಗೆ ಹಾಕಿ, ಎದುರು ಕುರ್ಚಿ ಇಟ್ಟು ಕೂತು ಅಭ್ಯಾಸ ಮಾಡಬೇಕು ಅಂತ ಆಸೆ. ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ ಮೊದಲು ಕಲಿಸುವುದು ಪಿಲಾಟಸ್ ಪಿಸಿ-7 ಮಾರ್ಕ್ 2 ವಿಮಾನದಲ್ಲಿ. ಅದರದ್ದೇ ಸಿಕ್ಕರೆ ತುಂಬಾ ಒಳ್ಳೆಯದು.

ನೆಹರೂ ರಸ್ತೆ, ಗಾಂಧಿ ಬಜಾರ್ ಎರಡೂ ಕಡೆ ಹುಡುಕಿದೆ. ಭೂಪಟ ಇದೆ, ದೇಹದ ಅಂಗಗಳ ಚಾರ್ಟ್ ಇದೆ, ಕಾಕ್‌ಪಿಟ್ ಇಲ್ಲ. ಒಂದು ಆನ್‌ಲೈನ್ ಅಂಗಡಿಯಲ್ಲಿ 600 ರೂಪಾಯಿ ಕೊಟ್ಟು ಫೈಲ್ ತರಿಸಿದೆ. ದೊಡ್ಡದು ಮಾಡಿ ನೋಡಿದರೆ ಎಲ್ಲ ಮಸುಕು. ಡಯಲ್ ಮೇಲಿನ ಒಂದು ಅಂಕಿಯೂ ಓದಲು ಬರುವುದಿಲ್ಲ. ಮನೆಯಲ್ಲಿ ಯಾರೂ ವಿಮಾನ ಹತ್ತಿದವರಲ್ಲ, ನಾನೂ ಹತ್ತಿಲ್ಲ. ಸೋಗಾನೆಯ ಏರ್‌ಪೋರ್ಟ್ 2023ರಲ್ಲಿ ಶುರುವಾದ ಮೇಲೆ ಬೇಲಿ ಆಚೆಯಿಂದ ವಿಮಾನ ಇಳಿಯುವುದನ್ನು ನೋಡಿದ್ದೇನೆ, ಅಷ್ಟೇ. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.

ಭದ್ರಾವತಿ_ಟು_ಜಕ್ಕೂರು

ನಾನು ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮಾಡುತ್ತಿದ್ದೇನೆ. ಸೇನೆಯ ವಿಮಾನದ ಪೋಸ್ಟರ್ ಹುಡುಕುವುದು ಬಿಡಿ. ಸೆಸ್ನಾ 172 ವಿಮಾನದ ಪೋಸ್ಟರ್ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಹಳೆಯ ಮಾದರಿಯದ್ದು, ಅಂದರೆ ಗುಂಡಗಿನ ಡಯಲ್ ಇರುವುದನ್ನೇ ತರಿಸಿ. ಸ್ಕ್ರೀನ್ ಇರುವ ಹೊಸ ಮಾದರಿ ಬೇಡ.

ನಾವು ಇದಕ್ಕೆ ಚೇರ್ ಫ್ಲೈಯಿಂಗ್ ಅನ್ನುತ್ತೇವೆ. ಕುರ್ಚಿಯಲ್ಲಿ ಕೂತು, ಕಣ್ಣು ಪೋಸ್ಟರ್ ಮೇಲಿಟ್ಟು, ಎಂಜಿನ್ ಶುರು ಮಾಡುವುದರಿಂದ ಹಿಡಿದು ಇಳಿದು ಆಫ್ ಮಾಡುವವರೆಗೆ ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಮುಟ್ಟುತ್ತಾ ಹೋಗುವುದು. ಸುಮ್ನೆ ನೋಡುತ್ತಾ ಕೂತರೆ ಏನೂ ಬರುವುದಿಲ್ಲ. ಒಬ್ಬನೇ ಹಾರಿಸುವ ನನ್ನ ಮೊದಲ ಸೋಲೋಗೆ ಮುಂಚೆ ಹಾಸ್ಟೆಲ್ ರೂಮಿನಲ್ಲಿ ದಿನಾ ರಾತ್ರಿ ಒಂದು ಗಂಟೆ ಮಾಡಿದ್ದೇನೆ. ಗಾಳಿಯಲ್ಲಿ ಕೈ ತಾನಾಗಿಯೇ ಸ್ವಿಚ್ ಕಡೆ ಹೋಯಿತು. ಆಗ ತಲೆ ರೇಡಿಯೋ ಕೇಳಲು ಖಾಲಿ ಇರುತ್ತದೆ.

ಕೊಪ್ಪ_ಕಾಫಿ

ತಂಗಿ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2019ರಲ್ಲಿ ನಾನೂ ಮೈಸೂರಿಗೆ ಹೋಗಿದ್ದೆ. ಎಸ್‌ಎಸ್‌ಬಿ, ಅಂದರೆ ಕೆಲವು ದಿನ ನಡೆಯುವ ಪರೀಕ್ಷೆ, ಸಂದರ್ಶನದ ಸುತ್ತು, ಪಾಸಾದೆ. ಸಿಪಿಎಸ್‌ಎಸ್ ಆಗಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮಾಡಿದ ಕಂಪ್ಯೂಟರ್ ಪರೀಕ್ಷೆ. ಪೈಲಟ್ ಆಗಲು ಬೇಕಾದ ಕೈ, ಕಣ್ಣು, ತಲೆಯ ಹೊಂದಾಣಿಕೆ ಇದೆಯಾ ಅಂತ ನೋಡುತ್ತದೆ. ಮೊದಲು ಪಿಎಬಿಟಿ ಅಂತ ಹಳೆಯ ಪೈಲಟ್ ಪರೀಕ್ಷೆ ಇತ್ತಲ್ಲ, ಅದರ ಜಾಗಕ್ಕೆ ಬಂದದ್ದು. ಜೀವನದಲ್ಲಿ ಒಂದೇ ಸಲ. ಫೇಲಾದರೆ ಮತ್ತೆ ಎಎಫ್‌ಕ್ಯಾಟ್ ಬರೆದರೂ, ಸೇನಾಧಿಕಾರಿ ಆಗುವ ಇನ್ನೊಂದು ಪರೀಕ್ಷೆ ಸಿಡಿಎಸ್ ಬರೆದರೂ ಫ್ಲೈಯಿಂಗ್ ಬ್ರಾಂಚ್ ಬಾಗಿಲು ಮುಚ್ಚಿದ ಹಾಗೆಯೇ. ಬೇರೆ ಬ್ರಾಂಚಿಗೆ ಮಾತ್ರ ಹೋಗಬಹುದು.

ನನ್ನ ರೂಮಿನಲ್ಲಿ ಸುಖೋಯ್‌ನ ದೊಡ್ಡ ಕಾಕ್‌ಪಿಟ್ ಪೋಸ್ಟರ್ ಇತ್ತು. ಯಾವ ಬಟನ್ ಎಲ್ಲಿದೆ ಅಂತ ಬಾಯಿಪಾಠ ಇತ್ತು. ಒಂದೂ ಕೆಲಸಕ್ಕೆ ಬರಲಿಲ್ಲ. ಅಲ್ಲಿ ಕೇಳುವುದು ಬಟನ್ ಹೆಸರಲ್ಲ. ಡಯಲ್ ನೋಡಿ ವಿಮಾನ ಏನು ಮಾಡುತ್ತಿದೆ ಅಂತ ತಕ್ಷಣ ಹೇಳಬೇಕು: ಏರುತ್ತಿದೆಯಾ, ಇಳಿಯುತ್ತಿದೆಯಾ, ಯಾವ ದಿಕ್ಕು, ಯಾವ ಕಡೆ ವಾಲಿದೆ. ಒಂದೊಂದಕ್ಕೂ ಯೋಚಿಸುತ್ತಾ ಕೂತರೆ ಸಮಯ ಹೋಯಿತು.

ಎರಡನೆಯದು ಕೈ, ಕಾಲು ಎರಡೂ ಒಟ್ಟಿಗೆ ಆಡಿಸುವುದು. ವಿಮಾನದಲ್ಲಿ ಬಲಗಾಲು ಒತ್ತಿದರೆ ಮೂತಿ ಬಲಕ್ಕೆ ಹೋಗುತ್ತದೆ. ಸೈಕಲ್ ಹ್ಯಾಂಡಲ್ ಇದಕ್ಕೆ ತದ್ವಿರುದ್ಧ ಅಲ್ವಾ? ಬಲಗಡೆ ಹ್ಯಾಂಡಲ್ ಮುಂದೆ ತಳ್ಳಿದರೆ ಸೈಕಲ್ ಎಡಕ್ಕೆ ತಿರುಗುತ್ತದೆ. ಗಾಬರಿಯಲ್ಲಿ ನನ್ನ ಕಾಲು ಸೈಕಲ್ ಲೆಕ್ಕದಲ್ಲೇ ಹೋಯಿತು. ಸರಿ ಮಾಡಿಕೊಳ್ಳುವಷ್ಟರಲ್ಲಿ ಮುಗಿದಿತ್ತು.

ಅದಕ್ಕೇ ಹೇಳುತ್ತೇನೆ, ಪೋಸ್ಟರ್ ಹುಡುಕುತ್ತಾ ಒಂದು ವಾರವನ್ನೂ ಕಳೆಯಬೇಡಿ. ಮೊದಲು ಎಸ್‌ಎಸ್‌ಬಿ ಇದೆ. ಆಯ್ಕೆಯಾದರೆ ತಾನೆ ಸಿಪಿಎಸ್‌ಎಸ್.

ತುಂಗೆ_ತೀರ

ಕೊಪ್ಪದ ಅಣ್ಣ, ಬೇಜಾರು ಯಾಕೆ? ಇಷ್ಟು ಬಿಚ್ಚಿ ಯಾರೂ ಹೇಳಿರಲಿಲ್ಲ. ಸೈಕಲ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಶಾಲೆಗೆ ಹತ್ತು ವರ್ಷ ಸೈಕಲ್ ತುಳಿದವಳು ನಾನು.

ಮುಳ್ಳು_ಮತ್ತು_ಡಯಲ್

ಮಗಳೇ, ನಾನು ಸಾಗರದವನು. ಏರ್ ಫೋರ್ಸ್‌ನಲ್ಲಿ ಇಪ್ಪತ್ತು ವರ್ಷ ಇನ್‌ಸ್ಟ್ರುಮೆಂಟ್ ಫಿಟ್ಟರ್ ಆಗಿದ್ದೆ. ಪೈಲಟ್ ಅಲ್ಲ. ಆದರೆ ಪೈಲಟ್‌ಗಳು ನೋಡುವ ಡಯಲ್ ಬಿಚ್ಚಿ, ಪರೀಕ್ಷೆ ಮಾಡಿ, ಮತ್ತೆ ಕೂರಿಸುವುದೇ ನನ್ನ ಕೆಲಸ. ಬೀದರ್‌ನಲ್ಲಿ ಇದ್ದಾಗ ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡ ಇನ್ನೂ ಕಿರಣ್ ಎಂಬ ತರಬೇತಿ ಜೆಟ್ ಹಾರಿಸುತ್ತಿತ್ತು. ಈಗ ಅವರದು ಹಾಕ್ ಜೆಟ್.

ಇಬ್ಬರು ಹೇಳಿದ್ದೂ ಸರಿ ಇದೆ. ಪೋಸ್ಟರ್ ಬೇಕು, ಆದರೆ ಕೊಂಡು ತಂದದ್ದು ಬೇಡ. ನೀನೇ ಬರಿ. ಡ್ರಾಯಿಂಗ್ ಶೀಟ್, ಕೈವಾರ, ಸ್ಕೇಲ್ ಸಾಕು. ಆರೇ ಡಯಲ್. ಮೇಲಿನ ಸಾಲಿನಲ್ಲಿ ಎಡದಿಂದ ವೇಗ, ವಿಮಾನ ಹೇಗೆ ವಾಲಿದೆ ಅಂತ ತೋರಿಸುವ ಆರ್ಟಿಫಿಶಿಯಲ್ ಹೊರೈಜನ್, ಎತ್ತರ ತೋರಿಸುವ ಆಲ್ಟಿಮೀಟರ್. ಕೆಳಗಿನ ಸಾಲಿನಲ್ಲಿ ತಿರುವು, ದಿಕ್ಕು, ಏರಿಳಿತ. ಸಣ್ಣ ವಿಮಾನದ ಸಾಮಾನ್ಯ ಡಯಲ್ 3⅛ ಇಂಚು ಅಗಲ, ಸುಮಾರು 8 ಸೆಂಟಿಮೀಟರ್. ಆ ಅಳತೆಯಲ್ಲೇ ಬರಿ. ಮುಳ್ಳುಗಳನ್ನು ಬರೆಯಬೇಡ. ರಟ್ಟಿನಲ್ಲಿ ಕತ್ತರಿಸಿ ಗುಂಡುಪಿನ್ನು ಚುಚ್ಚಿ ತಿರುಗುವ ಹಾಗೆ ಮಾಡು. ತಮ್ಮನೋ ತಂಗಿಯೋ ಇದ್ದರೆ ಅವರು ಮುಳ್ಳು ತಿರುಗಿಸಲಿ, ನೀನು ಓದಬೇಕು. ಅಂಗಡಿಯ ಪೋಸ್ಟರ್‌ನಲ್ಲಿ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ಅದರಿಂದ ಓದುವ ಅಭ್ಯಾಸ ಆಗುವುದಿಲ್ಲ.

ಒಂದೊಂದು ಡಯಲ್ ಹಿಂದೆ ಏನಿದೆ ಅಂತ ತಿಳಿದರೆ ಮರೆಯುವುದೇ ಇಲ್ಲ.

ಆಲ್ಟಿಮೀಟರ್ ಒಳಗೆ ಗಾಳಿ ತೆಗೆದು ಮುಚ್ಚಿದ ತೆಳ್ಳಗಿನ ಲೋಹದ ಡಬ್ಬಿ ಇರುತ್ತದೆ. ಮೇಲೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಕಡಿಮೆ, ಡಬ್ಬಿ ಉಬ್ಬುತ್ತದೆ. ಆ ಉಬ್ಬು ಹಲ್ಲುಚಕ್ರದ ಮೂಲಕ ಮುಳ್ಳು ತಿರುಗಿಸುತ್ತದೆ. ನಿನ್ನ ಫೋನ್‌ನಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದ್ದರೆ ಸೋಮೇಶ್ವರದಿಂದ ಆಗುಂಬೆಗೆ ಬಸ್ಸಿನಲ್ಲಿ ಬರುವಾಗ ನೋಡು. ತಗ್ಗಿನಲ್ಲಿ ಸುಮಾರು ಎಂಟೊಂಬತ್ತು ಮೀಟರ್ ಏರಿದರೆ ಒತ್ತಡ ಒಂದು ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ) ಇಳಿಯುತ್ತದೆ. ಹದಿನಾಲ್ಕು ತಿರುವು ಮುಗಿಯುವಷ್ಟರಲ್ಲಿ ಆಲ್ಟಿಮೀಟರ್ ಏನು ಮಾಡುತ್ತದೆ ಅಂತ ನಿನಗೆ ಅರ್ಥವಾಗಿರುತ್ತದೆ. ಸಮುದ್ರ ಮಟ್ಟದ ಪ್ರಮಾಣ ಒತ್ತಡ 1013.25 ಹೆಕ್ಟೋಪಾಸ್ಕಲ್. ಈ ಅಂಕಿ ನೆನಪಿಟ್ಟುಕೋ.

ಅದರಲ್ಲಿ ಮೂರು ಮುಳ್ಳು. ಉದ್ದದ್ದು ನೂರು ಅಡಿಗಳ ಲೆಕ್ಕ, ಗಿಡ್ಡದ್ದು ಸಾವಿರ, ಇನ್ನೊಂದು ಹತ್ತು ಸಾವಿರ. ಉದ್ದದ ಮುಳ್ಳು ಕಣ್ಣಿಗೆ ಬೇಗ ಬೀಳುತ್ತದೆ, ಅಲ್ಲೇ ಮೋಸ. ಹತ್ತು ಸಾವಿರ ಅಡಿ ತಪ್ಪಾಗಿ ಓದಿ ವಿಮಾನಗಳು ನೆಲಕ್ಕೆ ಬಡಿದಿವೆ. ಸಣ್ಣ ಮುಳ್ಳು ಮೊದಲು ಓದು. ನಾನು ಹೊಸ ಹುಡುಗರಿಗೆ ದಿನಾ ಹೇಳುತ್ತಿದ್ದದ್ದು ಇದೊಂದೇ.

ವೇಗದ ಡಯಲ್‌ಗೆ ಗಾಳಿ ಬರುವುದು ಪಿಟೋ ಎಂಬ ಸಣ್ಣ ಕೊಳವೆಯಿಂದ. ಎದುರು ಬಡಿಯುವ ಗಾಳಿಗೂ ಸುತ್ತಲಿನ ಗಾಳಿಗೂ ಇರುವ ಒತ್ತಡದ ವ್ಯತ್ಯಾಸದಿಂದಲೇ ವೇಗ ತಿಳಿಯುವುದು. ಕೊಳವೆ ಕಟ್ಟಿದರೆ ವೇಗ ತಪ್ಪು ತೋರಿಸುತ್ತದೆ. ನಮ್ಮ ಮನೆ ಬಾಗಿಲ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ಇದೆಯಲ್ಲ, ಅಂಥದ್ದೇ ಹುಳ ಈ ಕೊಳವೆಯಲ್ಲೂ ಗೂಡು ಕಟ್ಟುತ್ತದೆ. ಅದಕ್ಕೇ ವಿಮಾನ ನಿಂತ ತಕ್ಷಣ ಕೆಂಪು ಪಟ್ಟಿಯ ಕವರ್ ಹಾಕುತ್ತಿದ್ದೆವು. ಹಾರುವ ಮುಂಚೆ ತೆಗೆದಿದ್ದೇವಾ ಅಂತ ಇಬ್ಬರು ನೋಡುತ್ತಿದ್ದೆವು.

ಏರಿಳಿತದ ಡಯಲ್ ಸ್ವಲ್ಪ ತಡವಾಗಿ ತೋರಿಸುತ್ತದೆ, ಕೆಲವು ಸೆಕೆಂಡು. ಅದರ ಹಿಂದೆ ಓಡಬಾರದು. ದಿಕ್ಕಿನ ಡಯಲ್ ಗೈರೋ, ಅಂದರೆ ಜೋರಾಗಿ ತಿರುಗುವ ಚಕ್ರದ ಮೇಲೆ ನಡೆಯುವುದು, ನಿಧಾನಕ್ಕೆ ಸರಿದು ಹೋಗುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಂಪಾಸ್ ನೋಡಿ ಹೊಂದಿಸಬೇಕು. ತಿರುವಿನ ಡಯಲ್‌ನಲ್ಲಿ ಪುಟ್ಟ ವಿಮಾನದ ಚಿತ್ರದ ರೆಕ್ಕೆಯನ್ನು ಗುರುತಿಗೆ ತಾಗಿಸಿದರೆ ಸೆಕೆಂಡಿಗೆ 3 ಡಿಗ್ರಿ, ಅಂದರೆ ಪೂರ್ತಿ ಒಂದು ಸುತ್ತಿಗೆ ಎರಡು ನಿಮಿಷ.

ಹೊರೈಜನ್ ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ಎಲ್ಲಕ್ಕಿಂತ ಮುಖ್ಯ ಅದು.

ದುರ್ಗಿಗುಡಿ_ಪ್ರಿಂಟ್

ನಾನು ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕೈಯಲ್ಲಿ ಬರೆದರೂ ಸರಿ, ಫೈಲ್ ತಂದರೂ ಸರಿ, ಎರಡು ಮಾತು. ಫ್ಲೆಕ್ಸ್ ಮಾಡಿಸಬೇಡಿ. ಹೊಳೆಯುತ್ತದೆ, ರಾತ್ರಿ ಬಲ್ಬ್ ಬೆಳಕಿಗೆ ಅಂಕಿ ಕಾಣುವುದಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಮನೆ ಪ್ಲಾನ್ ತೆಗೆಸುವ ದೊಡ್ಡ ಪ್ಲಾಟರ್ ಪ್ರಿಂಟ್ ಸವಳಂಗ ರಸ್ತೆ ಕಡೆ ಸಿಗುತ್ತದೆ. ಎ1 ಅಳತೆ ಸಾಕು. ಪ್ರಿಂಟ್ ತೆಗೆಯುವಾಗ "ಪೇಜಿಗೆ ಹೊಂದಿಸು" ಅಂತ ಇರುವುದನ್ನು ತೆಗೆದು ನೂರಕ್ಕೆ ನೂರು ಇಡಲು ಹೇಳಿ. ಇಲ್ಲದಿದ್ದರೆ ಡಯಲ್ 8 ಸೆಂಟಿಮೀಟರ್ ಇರುವುದಿಲ್ಲ.

ಇನ್ನೊಂದು. ತೀರ್ಥಹಳ್ಳಿ ಮಳೆಗಾಲದಲ್ಲಿ ಗೋಡೆಗೆ ನೇರ ಅಂಟಿಸಿದರೆ ಹದಿನೈದು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಪ್ಲೈವುಡ್ ಹಲಗೆಗೆ ಅಂಟಿಸಿ, ಗೋಡೆಯಿಂದ ನಾಲ್ಕು ಬೆರಳು ದೂರ ಒರಗಿಸಿಡಿ.

ಹೊಸನಗರ_ಪಿಯು

ನಾನು ಸೆಕೆಂಡ್ ಪಿಯು ಸೈನ್ಸ್. ನನಗೂ ಪೈಲಟ್ ಆಗಬೇಕು. ನಾನು ಡಿಗ್ರಿ ಮುಗಿಯುವವರೆಗೆ ಕಾಯಬೇಕಾ?

ಕೊಪ್ಪ_ಕಾಫಿ

ಬೇಡ ತಮ್ಮ. ನಿನಗೆ ಎನ್‌ಡಿಎ ಇದೆ, ಪಿಯು ಮೇಲೆ ಸೇನೆಯ ಅಕಾಡೆಮಿಗೆ ಸೇರುವ ಪರೀಕ್ಷೆ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನ ಒಳಗೆ ಇರಬೇಕು. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600, ಎಸ್‌ಎಸ್‌ಬಿಗೆ 900. ಪಿಸಿಎಂ ಬಿಡಬೇಡ. ಗಣಿತ ಈಗಿನಿಂದಲೇ ಗಟ್ಟಿ ಮಾಡಿಕೋ, ನೆಗೆಟಿವ್ ಮಾರ್ಕ್ ಇದೆ. ಪಾಸಾದರೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ದುಂಡಿಗಲ್. ನಿಮ್ಮ ಕ್ಲಾಸಿನ ಹುಡುಗಿಯರಿಗೂ ಹೇಳು, 2022ರಿಂದ ಎನ್‌ಡಿಎಗೆ ಅವರನ್ನೂ ತೆಗೆದುಕೊಳ್ಳುತ್ತಿದ್ದಾರೆ.

ರಿಪ್ಪನ್‌ಪೇಟೆ_77

ನನ್ನ ಹತ್ತಿರ ಒಂದು ಸೇನಾ ವಿಮಾನದ ಮ್ಯಾನ್ಯುವಲ್ ಪಿಡಿಎಫ್ ಇದೆ. ಯಾವುದೋ ಗ್ರೂಪ್‌ನಲ್ಲಿ ಬಂದದ್ದು. ಕಾಕ್‌ಪಿಟ್ ಚಿತ್ರ ಪೂರ್ತಿ ಇದೆ. ಬೇಕಾದವರಿಗೆ ಕಳಿಸುತ್ತೇನೆ.

ಮುಳ್ಳು_ಮತ್ತು_ಡಯಲ್

ಬೇಡಪ್ಪ. ಅದನ್ನು ಇಲ್ಲಿ ಹಾಕಬೇಡಿ, ಯಾರಿಗೂ ಕಳಿಸಬೇಡಿ. ಎಲ್ಲಿಂದ ಬಂದದ್ದು, ಸರಿ ಇದೆಯಾ ಅಂತ ನಮಗೆ ತಿಳಿಯದು. ಸೇವೆಗೆ ಸೇರಲು ಹೊರಟವರು ಇಂಥದ್ದಕ್ಕೆ ಕೈ ಹಾಕಬಾರದು. ಅಕಾಡೆಮಿಗೆ ಹೋದ ಮೇಲೆ ಬೇಕಾದ ಪುಸ್ತಕ, ಚೆಕ್‌ಲಿಸ್ಟ್ ಅವರೇ ಕೊಡುತ್ತಾರೆ. ಆಗ ಅದನ್ನು ಹಗಲು ರಾತ್ರಿ ಓದಿದರೂ ಸಾಲದು. ಈಗ ತಪ್ಪು ಪ್ರತಿ ಬಾಯಿಪಾಠ ಮಾಡಿದರೆ ಅಲ್ಲಿ ಅದನ್ನು ಮರೆಯುವುದೇ ದೊಡ್ಡ ಕೆಲಸ.

ಪಿಸಿ-7 ಒಂದನ್ನೇ ಹಿಡಿದು ಕೂರುವ ಅಗತ್ಯವೂ ಇಲ್ಲ, ಮಗಳೇ. ಮೊದಲು ಕಲಿಸುತ್ತಿದ್ದ ಹಳೆಯ ಎಚ್‌ಪಿಟಿ-32 ದೀಪಕ್ ವಿಮಾನದ ಹಾರಾಟ 2009ರಲ್ಲಿ ನಿಂತಿತು. 2013ರಲ್ಲಿ ಪಿಲಾಟಸ್ ಬಂತು. ಎಚ್‌ಎಎಲ್‌ನ ಹೊಸ ತರಬೇತಿ ವಿಮಾನ ಎಚ್‌ಟಿಟಿ-40ಗೆ 2023ರಲ್ಲಿ 70 ವಿಮಾನಗಳ ಒಪ್ಪಂದ ಆಗಿದೆ. ಆ ಮೊದಲ ಹಂತ ಮುಗಿದ ಮೇಲೆ ಯುದ್ಧವಿಮಾನ, ಸಾರಿಗೆ, ಹೆಲಿಕಾಪ್ಟರ್ ಅಂತ ದಾರಿ ಬೇರೆಯಾಗುತ್ತದೆ. ಸಾರಿಗೆಯವರು ಯಲಹಂಕಕ್ಕೆ. ಯುದ್ಧವಿಮಾನದವರು ಕಿರಣ್ ಕಲಿತು ನಮ್ಮ ಬೀದರ್‌ಗೆ, ಹಾಕ್ ಹಾರಿಸಲು. ಕಾಕ್‌ಪಿಟ್ ಬದಲಾಗುತ್ತಲೇ ಇರುತ್ತದೆ. ಓದುವ ಕಣ್ಣು ಒಂದೇ.

ರಿಪ್ಪನ್‌ಪೇಟೆ_77

ಸರಿ ಸರ್. ಡಿಲೀಟ್ ಮಾಡಿದ್ದೇನೆ. ಒಳ್ಳೆಯದಾಗಲಿ ಅಂತ ಹೇಳಿದ್ದೆ ಅಷ್ಟೇ.

ತುಂಗೆ_ತೀರ

ಹತ್ತು ದಿನ ಆಯಿತು. ಪೋಸ್ಟರ್ ಬರೆದು ಮುಗಿಸಿದೆ. ಆಲ್ಟಿಮೀಟರ್ ಮೂರು ಸಲ ತಪ್ಪಾಯಿತು. ಬರೆಯುವಾಗಲೇ ಅರ್ಧ ಕಲಿತ ಹಾಗಾಯಿತು, ಸರ್ ಹೇಳಿದ್ದು ನಿಜ. ತಮ್ಮ ಸಂಜೆ ಮುಳ್ಳು ತಿರುಗಿಸುತ್ತಾನೆ. ಮೊದಲ ದಿನ ಇಪ್ಪತ್ತರಲ್ಲಿ ಒಂಬತ್ತು ಸರಿ. ನಿನ್ನೆ ಹದಿನಾರು.

ಒಂದು ಚಿಂತೆ ಇದೆ. ನನಗೆ ಘಾಟಿ ಬಸ್ಸಿನಲ್ಲಿ ವಾಂತಿ ಬರುತ್ತದೆ. ಉಡುಪಿಗೆ ಹೋಗುವಾಗ ಚಿಕ್ಕಂದಿನಿಂದಲೂ ಹೀಗೆ. ಇಂಥವರು ವಿಮಾನ ಹಾರಿಸಬಹುದಾ?

ಭದ್ರಾವತಿ_ಟು_ಜಕ್ಕೂರು

ಹಾರಿಸಬಹುದು. ನನಗೆ ಮೊದಲ ನಾಲ್ಕು ಹಾರಾಟದಲ್ಲಿ ಮೂರು ಸಲ ವಾಂತಿ ಆಯಿತು. ಐದನೆಯದರಿಂದ ಕಡಿಮೆಯಾಯಿತು. ಹೆಚ್ಚಿನವರಿಗೆ ಮತ್ತೆ ಮತ್ತೆ ಹಾರುತ್ತಾ ಒಳಕಿವಿಯ ಸೂಚನೆಗೆ ಮಿದುಳು ಒಗ್ಗಿಕೊಳ್ಳುತ್ತದೆ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಿ. ಫೋನ್ ನೋಡಬೇಡಿ. ಡ್ರೈವರ್‌ಗೆ ವಾಂತಿ ಬರುವುದಿಲ್ಲ, ಗಮನಿಸಿದ್ದೀರಾ? ಮುಂದಿನ ತಿರುವು ಅವರಿಗೆ ಗೊತ್ತಿರುತ್ತದೆ. ವಿಮಾನ ತಿರುಗಿಸುವ ಸ್ಟಿಕ್ ನಿಮ್ಮ ಕೈಯಲ್ಲಿದ್ದಾಗ ನಿಮಗೂ ಹಾಗೆಯೇ.

ಮುಳ್ಳು_ಮತ್ತು_ಡಯಲ್

ಇದೇ ಕಿವಿಯ ವಿಷಯಕ್ಕೆ ಹೊರೈಜನ್ ಡಯಲ್ ಬೇಕಾಗುವುದು. ಈಗ ಬರೆಯುತ್ತೇನೆ.

ಜುಲೈನಲ್ಲಿ ಆಗುಂಬೆ ಘಾಟಿಯ ಮಂಜಿನಲ್ಲಿ ಹೋಗಿದ್ದೀಯಲ್ಲ? ಹತ್ತು ಅಡಿ ಆಚೆ ಏನೂ ಕಾಣುವುದಿಲ್ಲ. ಆದರೂ ಚಕ್ರದ ಕೆಳಗೆ ರಸ್ತೆ ಇದೆ. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಅನುಮಾನ ಬರುವುದಿಲ್ಲ. ಮೋಡದ ಒಳಗೆ ಆ ರಸ್ತೆಯೂ ಇಲ್ಲ. ನಮ್ಮ ಒಳಕಿವಿಯಲ್ಲಿ ನೀರು ತುಂಬಿದ ಮೂರು ಸಣ್ಣ ಕೊಳವೆಗಳಿವೆ. ತಲೆ ತಿರುಗಿದರೆ ಆ ನೀರು ಹಿಂದೆ ಉಳಿದು ತಿರುವನ್ನು ತಿಳಿಸುತ್ತದೆ. ಆದರೆ ವಿಮಾನ ತುಂಬಾ ನಿಧಾನವಾಗಿ ವಾಲಿದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ಒಂದೇ ವೇಗದಲ್ಲಿ ತಿರುಗುತ್ತಾ ಇದ್ದರೆ ಸ್ವಲ್ಪ ಹೊತ್ತಿಗೆ ನೀರೂ ಜೊತೆಗೆ ತಿರುಗಿ, ನೇರ ಹೋಗುತ್ತಿದ್ದೇವೆ ಅಂತ ಅನ್ನಿಸುತ್ತದೆ. ಆಗ ವಿಮಾನ ನೇರ ಮಾಡಿದರೆ, ಬೇರೆ ಕಡೆ ವಾಲಿದೆ ಅಂತ ಕಿವಿ ಕೂಗುತ್ತದೆ. ಕಿವಿಯ ಮಾತು ಕೇಳಿದವರು ಮತ್ತೆ ಮೊದಲಿನ ಕಡೆಗೇ ವಾಲಿಸುತ್ತಾರೆ. ಒಳ್ಳೊಳ್ಳೆಯ ಪೈಲಟ್‌ಗಳು ಹೀಗೆ ಹೋಗಿದ್ದಾರೆ. ಆ ಹೊತ್ತಿನಲ್ಲಿ ಡಯಲ್ ನಂಬಬೇಕು, ದೇಹವನ್ನಲ್ಲ.

ಅದಕ್ಕೇ ಕಣ್ಣು ಹೊರೈಜನ್‌ನಿಂದ ಹೊರಟು, ಒಂದು ಡಯಲ್ ನೋಡಿ, ಮತ್ತೆ ಹೊರೈಜನ್‌ಗೆ ಬರಬೇಕು. ಆಮೇಲೆ ಇನ್ನೊಂದು ಡಯಲ್, ಮತ್ತೆ ಹೊರೈಜನ್. ಸೈಕಲ್ ಚಕ್ರದ ಕಡ್ಡಿಗಳೆಲ್ಲ ನಡುವಿಗೇ ಬರುತ್ತವಲ್ಲ, ಹಾಗೆ. ನಿನ್ನ ಪೋಸ್ಟರ್ ಮುಂದೆ ಈ ಓಡಾಟವನ್ನು ದಿನಾ ಹತ್ತು ನಿಮಿಷ ಮಾಡು. ಒಂದೇ ಡಯಲ್ ಮೇಲೆ ಎರಡು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲಬೇಡ.

ಕಾಲಿಗೆ ಒಂದು ಉಪಾಯ. ಎರಡು ಅಡಿ ಉದ್ದದ ಹಲಗೆ ತಗೋ. ಸರಿಯಾಗಿ ನಡುವೆ ಒಂದು ಬೋಲ್ಟ್ ಹಾಕಿ ಇನ್ನೊಂದು ಹಲಗೆ ಮೇಲೆ ತಿರುಗುವ ಹಾಗೆ ಕೂರಿಸು. ಎರಡು ತುದಿಗೆ ಎರಡು ಪಾದ. ಮೊಣಕಾಲುಗಳ ನಡುವೆ ಒಂದು ಕೋಲು. ತಮ್ಮ "ಬಲಕ್ಕೆ" ಅಂದರೆ ಕೋಲು ಬಲಕ್ಕೆ, ಬಲಗಾಲು ಮುಂದೆ. "ಮೇಲೆ" ಅಂದರೆ ಕೋಲು ನಿನ್ನ ಕಡೆಗೆ. ಬಾಯಲ್ಲಿ ಹೇಳುತ್ತಾ ಮಾಡು. ಸೈಕಲ್‌ನ ಅಭ್ಯಾಸ ಕಾಲಿನಿಂದ ಹೋಗಬೇಕು. ನಾಲ್ಕು ವಾರಕ್ಕೆ ಹೋಗುತ್ತದೆ.

ಕೊಪ್ಪ_ಕಾಫಿ

ಸರ್, ಈ ಹಲಗೆಯ ಉಪಾಯ 2019ರಲ್ಲಿ ಯಾರಾದರೂ ನನಗೆ ಹೇಳಿದ್ದರೆ!

ತಂಗಿ, ಅಳತೆ ನೋಡಿಕೊಂಡಿದ್ದೀರಾ? ಫ್ಲೈಯಿಂಗ್ ಬ್ರಾಂಚಿಗೆ ಎತ್ತರ ಕನಿಷ್ಠ 162.5 ಸೆಂಟಿಮೀಟರ್. ಕಾಲಿನ ಉದ್ದ 99ರಿಂದ 120. ತೊಡೆ 64ರ ಒಳಗೆ. ಕೂತಾಗಿನ ಎತ್ತರ 81.5ರಿಂದ 96. ಇದು ಸುಮ್ನೆ ಇಟ್ಟ ನಿಯಮ ಅಲ್ಲ. ಕಾಲು ಗಿಡ್ಡ ಇದ್ದರೆ ಪೆಡಲ್ ಎಟುಕುವುದಿಲ್ಲ. ತೊಡೆ ಉದ್ದ ಇದ್ದರೆ ಎಜೆಕ್ಷನ್ ಸೀಟು ಮೇಲಕ್ಕೆ ಚಿಮ್ಮುವಾಗ ಮೊಣಕಾಲು ಬಡಿಯಬಹುದು. ಗೋಡೆಗೆ ಒರಗಿ ಕೂತು ಅಮ್ಮನ ಹತ್ತಿರ ಟೇಪ್ ಹಿಡಿಸಿ ನೋಡಿ. ಕಣ್ಣಿನ ಡಾಕ್ಟರ ಹತ್ತಿರ ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮಾಡಿಸಿ. ತುಂಬಾ ಜನರಿಗೆ ಅಲ್ಲಿ ಹೋದ ಮೇಲೇ ಗೊತ್ತಾಗುವುದು.

ಇನ್ನು ಎಸ್‌ಎಸ್‌ಬಿ. ಅರವತ್ತು ಪದ ತೋರಿಸುತ್ತಾರೆ, ಒಂದಕ್ಕೆ ಹದಿನೈದು ಸೆಕೆಂಡ್. ಅರವತ್ತು ಸನ್ನಿವೇಶಕ್ಕೆ ಅರ್ಧ ಗಂಟೆ. ಇಂಗ್ಲಿಷಿನಲ್ಲಿ ಬರೆಯಲು ಕೈ ಓಡಬೇಕು, ನಾವು ಕನ್ನಡ ಮೀಡಿಯಮ್‌ನವರು ಅಲ್ಲೇ ಹಿಂದೆ ಬೀಳುವುದು. ದಿನಾ ಗಡಿಯಾರ ಇಟ್ಟು ಬರೆಯಿರಿ. ಬೇರೆಯವರ ಉತ್ತರ ಬಾಯಿಪಾಠ ಮಾಡಬೇಡಿ. ಮನೆಯಲ್ಲಿ ತೋಟದ ಕೆಲಸ ಮಾಡಿದ್ದೀರಿ, ಅಡಿಕೆ ಸುಲಿಯುವಾಗ ಹತ್ತು ಜನರನ್ನು ನೋಡಿಕೊಂಡಿದ್ದೀರಿ. ಅದನ್ನೇ ಹೇಳಿ. ನಾಚಿಕೊಳ್ಳಬೇಡಿ.

ತುಂಗೆ_ತೀರ

164 ಇದ್ದೇನೆ ಅಣ್ಣ. ಉಳಿದ ಅಳತೆಯೂ ಒಳಗೇ ಇದೆ. ಕಣ್ಣು ತೋರಿಸಿದೆ, ಬಣ್ಣ ಸರಿ ಇದೆ.

ದೈಹಿಕ ಅಭ್ಯಾಸದಲ್ಲಿ ಹಗ್ಗ ಹತ್ತುವುದು ಕಷ್ಟ ಆಗುತ್ತಿತ್ತು. ನಮ್ಮ ತೋಟಕ್ಕೆ ಬರುವ ಕೊನೆಗಾರರು ಅಡಿಕೆ ಮರ ಹತ್ತುವಾಗ ಪಾದ ಹೇಗೆ ಕಚ್ಚಿ ಹಿಡಿಯುತ್ತಾರೆ ಅಂತ ಹೇಳಿಕೊಟ್ಟರು. ಭಾರ ಕೈಗೆ ಹಾಕಬಾರದು, ಕಾಲಿಗೆ ಹಾಕಬೇಕು ಅಂದರು. ಈಗ ನಾಲ್ಕು ಮೀಟರ್ ಹತ್ತುತ್ತೇನೆ.

ಅಮ್ಮ ಮೊದಲು ಇದಕ್ಕೆ ಒಪ್ಪಿರಲಿಲ್ಲ. ಚಿಕ್ಕಮಗಳೂರಿನ ಮೇಘನಾ ಶಾನಭಾಗ್ 2018ರಲ್ಲಿ ಯುದ್ಧವಿಮಾನದ ಪೈಲಟ್ ಆದ ಸುದ್ದಿಯ ಪೇಪರ್ ಕಟಿಂಗ್ ನನ್ನ ಹತ್ತಿರ ಇದೆ. ಅದನ್ನು ತೋರಿಸಿದೆ. "ನಮ್ಮ ಪಕ್ಕದ ಜಿಲ್ಲೆಯವಳಾ?" ಅಂತ ಎರಡು ಸಲ ಕೇಳಿದರು. ಈಗ ರಾತ್ರಿ ಮುಳ್ಳು ತಿರುಗಿಸಲು ಅವರೂ ಬರುತ್ತಾರೆ.

ಭದ್ರಾವತಿ_ಟು_ಜಕ್ಕೂರು

ತಲೆಯಲ್ಲೇ ಲೆಕ್ಕ ಮಾಡುವುದನ್ನೂ ಸೇರಿಸಿಕೊಳ್ಳಿ. ಹಿಂದಿರುಗುವ ದಿಕ್ಕು ಬೇಕಾದರೆ 180 ಕೂಡುತ್ತಾ ಕೂರಬೇಡಿ. 200 ಕೂಡಿ 20 ಕಳೆಯಿರಿ. 070ಕ್ಕೆ 270, ಆಮೇಲೆ 250. ದೊಡ್ಡ ಅಂಕಿಯಾದರೆ ತಿರುಗಿಸಿ: 310ರಿಂದ 200 ಕಳೆದು 20 ಕೂಡಿದರೆ 130. 180 ನಾಟ್ ವೇಗ ಅಂದರೆ ಗಂಟೆಗೆ 180 ನಾಟಿಕಲ್ ಮೈಲಿ, ನಿಮಿಷಕ್ಕೆ 3. ಶಿವಮೊಗ್ಗದಿಂದ ಬೆಂಗಳೂರಿಗೆ ಗಾಳಿಯಲ್ಲಿ ನೇರ ಸುಮಾರು 130 ನಾಟಿಕಲ್ ಮೈಲಿ. ಎಷ್ಟು ನಿಮಿಷ? ಪಾತ್ರೆ ತೊಳೆಯುವಾಗಲೂ ಮಾಡಬಹುದು.

ಹೊಸನಗರ_ಪಿಯು

43 ನಿಮಿಷ ಚಿಲ್ಲರೆ!

ತುಂಗೆ_ತೀರ

ನಾಳೆ ರಾತ್ರಿ ರೈಲಿಗೆ ಮೈಸೂರಿಗೆ ಹೊರಡುತ್ತೇನೆ. ನಿನ್ನೆ ಇಪ್ಪತ್ತಕ್ಕೆ ಇಪ್ಪತ್ತು. ಎಲ್ಲರಿಗೂ ಧನ್ಯವಾದ.

ಮುಳ್ಳು_ಮತ್ತು_ಡಯಲ್

ಹೋಗಿ ಬಾ ಮಗಳೇ. ಪರೀಕ್ಷೆಗೆ ಮುಂಚೆ ಅವರೇ ಎಲ್ಲ ವಿವರಿಸುತ್ತಾರೆ. ಆಗ ಪೂರ್ತಿ ಕಿವಿಗೊಟ್ಟು ಕೇಳು. ಗೊತ್ತಿದೆ ಅಂತ ಬಿಡಬೇಡ.

ತುಂಗೆ_ತೀರ

ಬಂದೆ. ನಿಧಾನಕ್ಕೆ ಬರೆಯುತ್ತಿದ್ದೇನೆ, ಕೈ ಇನ್ನೂ ನಡುಗುತ್ತಿದೆ.

ಎಸ್‌ಎಸ್‌ಬಿಯಲ್ಲಿ ಆಯ್ಕೆಯಾದೆ. ಸಿಪಿಎಸ್‌ಎಸ್ ಕೂಡ ಪಾಸು. ಪರೀಕ್ಷೆಯ ಒಳಗಿನ ವಿಷಯ ಇಲ್ಲಿ ಬರೆಯುವುದಿಲ್ಲ, ಬರೆಯಬಾರದು. ಕಾಲು ಒಮ್ಮೆಯೂ ಸೈಕಲ್ ಕಡೆ ಹೋಗಲಿಲ್ಲ, ಕೊಪ್ಪದ ಅಣ್ಣ. ಅದು ನಿಮ್ಮಿಂದ. ಮುಂದೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಮೆಡಿಕಲ್. ಆಮೇಲೆ ಮೆರಿಟ್ ಲಿಸ್ಟ್. ಇನ್ನೂ ದಾರಿ ಇದೆ.

ಕೊಪ್ಪ_ಕಾಫಿ

ತೋಟದಲ್ಲಿ ನಿಂತು ಓದಿದೆ. ಇವತ್ತು ಮನೆಯಲ್ಲಿ ಪಾಯಸ ಮಾಡಿಸುತ್ತೇನೆ.

ಹೊಸನಗರ_ಪಿಯು

ಅಕ್ಕ, ಆ ಪೋಸ್ಟರ್ ಈಗ ನಿಮಗೆ ಬೇಡದಿದ್ದರೆ ನನಗೆ ಕೊಡುತ್ತೀರಾ? ಕಾಪಿ ತೆಗೆದು ವಾಪಸ್ ಕೊಡುತ್ತೇನೆ.

ತುಂಗೆ_ತೀರ

ವಾಪಸ್ ಬೇಡ ತಮ್ಮ, ಇಟ್ಟುಕೋ. ಹಲಗೆ, ಕೋಲು ಎರಡೂ ಸೇರಿಸಿ ಕೊಡುತ್ತೇನೆ. ಭಾನುವಾರ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿಗೆ ಅಪ್ಪನ ಜೊತೆ ಬಾ. ನಾನೂ ತಮ್ಮನೂ ಬರುತ್ತೇವೆ. ದಿಕ್ಕಿನ ಡಯಲ್‌ನ ಪಿನ್ನು ಸಡಿಲ ಆಗಿದೆ, ಹೊಸದು ಹಾಕಿಕೋ.

ಹೊಸನಗರ_ಪಿಯು

ಸಿಕ್ಕಿತು ಅಕ್ಕ. ಮನೆಗೆ ತಂದು ಹಾಕಿದ್ದೇನೆ. ಪಿನ್ನು ಬದಲಾಯಿಸಿದೆ. ಆಲ್ಟಿಮೀಟರ್ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಏನೋ ಬರೆದಿದ್ದೀರಿ, ಕೈ ತಾಗಿ ತಾಗಿ ಅಳಿಸಿ ಹೋಗಿದೆ. ಏನದು?

ತುಂಗೆ_ತೀರ

ಸಣ್ಣ ಮುಳ್ಳು ಮೊದಲು.